ಕ್ಯಾಪ್ಟನ್ ಕುರ್ಚಿ ಎಲ್ಲರಿಗೂ ಬೇಕಾ?

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಕಡೆಯ ಸಣ್ಣ ಕಾರ್ಖಾನೆಗಳಿಗೆ ಎಚ್‌ಆರ್ ಸಲಹೆ ಕೊಡುವುದು ನನ್ನ ಕೆಲಸ. ಯಾರಿಗೆ ಬಡ್ತಿ, ಯಾರಿಗೆ ತರಬೇತಿ, ಯಾರು ಯಾಕೆ ಕೆಲಸ ಬಿಟ್ಟರು, ದಿನವಿಡೀ ಇದೇ ಮಾತು. ಹಾಗಾಗಿ ಬಾಹ್ಯಾಕಾಶ ನೌಕೆಯ ಸಿಬ್ಬಂದಿಯ ಕಥೆ ಹೇಳುವ ಅಮೆರಿಕದ ಟಿವಿ ಸರಣಿ ಸ್ಟಾರ್ ಟ್ರೆಕ್ ನೋಡುವಾಗಲೂ ನನ್ನ ಗಮನ ಹೋಗುವುದು ಆ ನೌಕೆಯಲ್ಲಿ ಯಾರನ್ನು ಯಾರು ಹೇಗೆ ಅಳೆಯುತ್ತಾರೆ ಅನ್ನುವುದರ ಕಡೆಗೇ.

ಸ್ಟಾರ್ ಟ್ರೆಕ್‌ನ 'ದಿ ನೆಕ್ಸ್ಟ್ ಜನರೇಷನ್' ಸರಣಿಯಲ್ಲಿ 1993ರ ಒಂದು ಕಂತಿದೆ, 'ಟ್ಯಾಪೆಸ್ಟ್ರಿ'. ಕ್ಯಾಪ್ಟನ್ ಪಿಕಾರ್ಡ್‌ಗೆ ಹಿಂದಿನ ಕಾಲಕ್ಕೆ ಹೋಗಿ ಯೌವನದ ಒಂದು ಜಗಳವನ್ನು ತಪ್ಪಿಸಿಕೊಳ್ಳುವ ಅವಕಾಶ ಸಿಗುತ್ತದೆ. ತಪ್ಪಿಸಿಕೊಳ್ಳುತ್ತಾನೆ. ವಾಪಸ್ ಬಂದು ನೋಡಿದರೆ ಅವನು ಕ್ಯಾಪ್ಟನ್ ಅಲ್ಲ, ಖಭೌತ ವಿಭಾಗದ ಕಿರಿಯ ಲೆಫ್ಟಿನೆಂಟ್. ನನ್ನ ಬಗ್ಗೆ ಏನನ್ನಿಸುತ್ತದೆ ಅಂತ ಮೇಲಿನವರನ್ನು ಕೇಳುತ್ತಾನೆ. ನಂಬಿಕಸ್ಥ, ಹೊತ್ತಿಗೆ ಸರಿಯಾಗಿ ಬರುತ್ತಾನೆ, ಅಷ್ಟೇ ಅನ್ನುವ ಉತ್ತರ. ಈ ಬಾಳಿಗಿಂತ ಸಾವೇ ವಾಸಿ ಅಂದುಬಿಡುತ್ತಾನೆ! ಕಂತು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ನನಗೆ ಸಿಟ್ಟು ಬರುತ್ತದೆ. ನಮ್ಮ ಶಾಪ್‌ಫ್ಲೋರ್‌ಗಳು ನಡೆಯುವುದೇ ಹೊತ್ತಿಗೆ ಸರಿಯಾಗಿ ಬರುವ ನಂಬಿಕಸ್ಥರಿಂದ. ಅವರ ಬದುಕು ಸಾವಿಗಿಂತ ಕಡೆ ಅಂದರೆ ಹೇಗೆ?

ಅದೇ ಸರಣಿಯಲ್ಲಿ ಪಿಕಾರ್ಡ್ ಕೈಕೆಳಗಿನ ಮೊದಲ ಅಧಿಕಾರಿ ರೈಕರ್ ಇದ್ದಾನೆ. ಸ್ವಂತ ನೌಕೆ ಕೊಡುತ್ತೇವೆ ಅಂತ ಕರೆದರೂ ಒಂದಲ್ಲ, ಮೂರು ನೌಕೆ ಬೇಡ ಅಂದವನು. 1990ರ ಕಂತಿನಲ್ಲಿ ಅವನ ಹುದ್ದೆಯ ಮೇಲೆ ಕಣ್ಣಿಟ್ಟ ಶೆಲ್ಬಿ ಅನ್ನುವ ಅಧಿಕಾರಿ ಬಂದು, ನೀವು ನನ್ನ ದಾರಿಗೆ ಅಡ್ಡ ನಿಂತಿದ್ದೀರಿ ಅಂತ ಅವನ ಮುಖಕ್ಕೇ ಹೇಳುತ್ತಾಳೆ. ಇಬ್ಬರನ್ನೂ ಕಥೆ ಗೌರವದಿಂದ ನೋಡುತ್ತದೆ. ನನಗೆ ಇದು ಇಷ್ಟ. ಆದರೆ ಬಡ್ತಿ ಬೇಡ ಅಂದ ನಾಯಕನಿಗೆ ಮರ್ಯಾದೆ ಇದೆ, ಬಡ್ತಿಯೇ ಸಿಗದ ಕಿರಿಯನಿಗೆ ಇಲ್ಲ, ಅಲ್ವಾ?

ಇಲ್ಲಿನ ಒಂದು ಘಟಕದಲ್ಲಿ ಒಬ್ಬ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಷಿನ್) ಆಪರೇಟರ್ ಇದ್ದರು. ಟೂಲ್ ಸವೆದದ್ದು ಅವರಿಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಅಳತೆ ಕೆಡುವ ಮೊದಲೇ ಮಷಿನ್ ನಿಲ್ಲಿಸಿ ಟೂಲ್ ತುದಿಯ ಇನ್ಸರ್ಟ್ ಬದಲಿಸುತ್ತಿದ್ದರು, ಜಾಬ್ ರಿಜೆಕ್ಟ್ ಆಗುವುದೇ ಅಪರೂಪ. ಮಾಲೀಕರು ಖುಷಿಯಿಂದ ಸೂಪರ್‌ವೈಸರ್ ಮಾಡಿದರು. ಆಮೇಲೆ ಅವರ ದಿನವೆಲ್ಲ ರಜೆ ಪಟ್ಟಿ, ಶಿಫ್ಟ್ ಜಗಳ, ಡಿಸ್ಪ್ಯಾಚ್ ಫೋನು. "ಸರ್, ನನಗ ಮಷಿನ್ ಕೊಡ್ರಿ, ಈ ಟೇಬಲ್ ಬ್ಯಾಡ್ರಿ" ಅಂತ ನನ್ನ ಹತ್ತಿರ ಬಂದರು. ಅವರಿಗೆ ಆಸೆ ಇಲ್ಲ ಅಂತ ಆಫೀಸಿನವರು ಅಪ್ರೈಸಲ್ ಫಾರ್ಮ್‌ನಲ್ಲಿ ಬರೆದಿದ್ದರು. ಆಸೆ ಇತ್ತು ರೀ! ಐದು ಆಕ್ಸಿಸ್ ಮಷಿನ್ ಕಲಿಯಬೇಕು ಅನ್ನುವ ಆಸೆ. ಅದನ್ನು ಬರೆಯಲು ಫಾರ್ಮ್‌ನಲ್ಲಿ ಜಾಗವೇ ಇರಲಿಲ್ಲ.

ಮೇಲಿನ ಹುದ್ದೆ ಅಂದರೆ ಬೇರೆಯೇ ಕೆಲಸ ಅನ್ನುವುದನ್ನು ಈ ಸರಣಿ ಒಂದು ಕಡೆ ಬಹಳ ಸರಿಯಾಗಿ ಹಿಡಿದಿದೆ. 1994ರ ಒಂದು ಕಂತಿನಲ್ಲಿ ಸಲಹೆಗಾರ್ತಿ ಟ್ರಾಯ್ ಕಮಾಂಡರ್ ಆಗಲು ಪರೀಕ್ಷೆ ಬರೆಯುತ್ತಾಳೆ. ಇಂಜಿನ್ ಸಮಸ್ಯೆ ಬಿಡಿಸಬೇಕು ಅಂದುಕೊಂಡು ಕೈಪಿಡಿಗಳನ್ನೆಲ್ಲ ಓದುತ್ತಾಳೆ, ಮತ್ತೆ ಮತ್ತೆ ಫೇಲ್ ಆಗುತ್ತಾಳೆ. ಪರೀಕ್ಷೆ ಇಂಜಿನ್ ಬಗ್ಗೆ ಅಲ್ಲವೇ ಅಲ್ಲ. ನೌಕೆ ಉಳಿಸಲು ತನ್ನ ಗೆಳೆಯನನ್ನೇ ಸಾಯಲು ಕಳಿಸುವ ಆದೇಶ ಕೊಡಬಲ್ಲಳಾ ಅನ್ನುವುದು. ನಮ್ಮಲ್ಲಿ ಯಾರನ್ನೂ ಸಾಯಲು ಕಳಿಸುವುದಿಲ್ಲ, ಸದ್ಯ. ಆದರೆ ಜೊತೆಗೆ ಡಬ್ಬಿ ಬಿಚ್ಚಿ ಊಟ ಮಾಡಿದವನಿಗೆ ನಾಳೆಯಿಂದ ಮೆಮೊ ಕೊಡಬೇಕಾಗುತ್ತದೆ. ಇದನ್ನು ಬಡ್ತಿ ಕೊಡುವ ಮೊದಲೇ ಕೂರಿಸಿಕೊಂಡು ಹೇಳಬೇಕು. ಹತ್ತಿರದ ಎಷ್ಟೋ ಕಂಪನಿಗಳು ಹೇಳುವುದಿಲ್ಲ, ಸುಮ್ನೆ ಪತ್ರ ಕೈಗಿಡುತ್ತವೆ.

ಅದೇ ಸರಣಿಯ ಬಾರ್ಕ್ಲೇ ಬಗ್ಗೆಯೂ ಹೇಳಬೇಕು. ಜಾಣ ಇಂಜಿನಿಯರ್, ಆದರೆ ನಾಲ್ಕು ಜನರ ಮುಂದೆ ಬಾಯಿ ತಡವರಿಸುತ್ತದೆ, ಜೊತೆಯವರು ಹೆಸರು ತಿರುಚಿ ಆಡಿಕೊಳ್ಳುತ್ತಾರೆ. ಮೇಲಧಿಕಾರಿ ಲಾಫೋರ್ಜ್‌ಗೆ ಅವನನ್ನು ವರ್ಗ ಮಾಡಿದರೆ ಸಾಕಾಗಿದೆ. ಕ್ಯಾಪ್ಟನ್ ಒಪ್ಪುವುದಿಲ್ಲ, ಮೊದಲು ಅವನನ್ನು ಹತ್ತಿರದಿಂದ ಅರಿತುಕೋ ಅನ್ನುತ್ತಾನೆ. ಕೊನೆಗೆ ನೌಕೆ ಸಂಕಟಕ್ಕೆ ಸಿಕ್ಕಾಗ ಕಾರಣ ಹುಡುಕುವ ದಾರಿ ಅವನಿಂದಲೇ ಸಿಗುತ್ತದೆ. ಹಾವೇರಿ, ಗದಗ ಹಳ್ಳಿಗಳಿಂದ ಬರುವ ಡಿಪ್ಲೊಮಾ ಹುಡುಗರಲ್ಲಿ ಇಂಥವರು ಜಾಸ್ತಿ. ಇಂಗ್ಲಿಷ್‌ನಲ್ಲಿ ಪ್ರೆಸೆಂಟೇಷನ್ ಕೊಡಲು ಬರಲಿಲ್ಲ ಅಂತ ಮಾರ್ಕು ಕಡಿಮೆ. ಡ್ರಾಯಿಂಗ್ ಕೊಟ್ಟು ತಪ್ಪು ಹುಡುಕು ಅಂದು ನೋಡಿ.

ಇನ್ನು ಸ್ಟಾರ್ ಟ್ರೆಕ್‌ನ ಇನ್ನೊಂದು ಸರಣಿ 'ವಾಯೇಜರ್'ನ ಹ್ಯಾರಿ ಕಿಮ್. 1995ರಿಂದ 2001ರವರೆಗೆ ಏಳು ಸೀಸನ್ ಅತಿ ಕಿರಿಯ ಅಧಿಕಾರಿ, ಅಂದರೆ ಎನ್‌ಸೈನ್ ಆಗಿಯೇ ಉಳಿದ. ಅದೇ ನೌಕೆಯಲ್ಲಿ ಟಾಮ್ ಪ್ಯಾರಿಸ್ ಶಿಕ್ಷೆಯಾಗಿ ಎನ್‌ಸೈನ್ ಹುದ್ದೆಗೆ ಇಳಿದ, ಮತ್ತೆ ಲೆಫ್ಟಿನೆಂಟ್ ಆದ. ಮೇಲೆ ಖಾಲಿ ಹುದ್ದೆ ಇಲ್ಲದಿರಬಹುದು, ಸಣ್ಣ ಕಂಪನಿಯಲ್ಲೂ ಅದೇ ಪಾಡು. ಹಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಹುದ್ದೆ ಇಲ್ಲದಿದ್ದರೂ ಕೌಶಲಕ್ಕೆ ತಕ್ಕ ಗ್ರೇಡ್ ಮಾಡಿ, ಒಳ್ಳೆಯ ಆಪರೇಟರ್‌ನ ಸಂಬಳ ಸೂಪರ್‌ವೈಸರ್‌ಗಿಂತ ಜಾಸ್ತಿ ಆದರೂ ಆಗಲಿ. ಈ ಮಾರ್ಚ್ ಅಪ್ರೈಸಲ್‌ಗೆ ನಾನು ಹೋಗುವ ಕಡೆಗಳಲ್ಲಿ ಫಾರ್ಮ್‌ಗೆ ಒಂದು ಪ್ರಶ್ನೆ ಸೇರಿಸಿ ಅಂತ ಕೇಳುತ್ತಿದ್ದೇನೆ: ನಿಮಗೆ ಮುಂದೆ ಯಾವ ಕೆಲಸ ಕಲಿಯಬೇಕು ಅನ್ನಿಸುತ್ತದೆ?