ಲೈನ್‌ಬ್ಯಾಕರ್ ನಿಕ್ ಬೊನಿಕಾಂಟಿ: ಆಟ ಕೊಟ್ಟಿದ್ದು, ಆಟ ಕಿತ್ತುಕೊಂಡಿದ್ದು

1977ರಲ್ಲಿ ಅಮೆರಿಕದ ಎಚ್‌ಬಿಒ ಚಾನೆಲ್ ‘ಇನ್‌ಸೈಡ್ ದಿ ಎನ್‌ಎಫ್‌ಎಲ್’ ಅನ್ನುವ ಕಾರ್ಯಕ್ರಮ ಶುರು ಮಾಡಿತು. ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್. ಇದು ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಆಗ ಇಂಟರ್‌ನೆಟ್ ಇರಲಿಲ್ಲ. ಭಾನುವಾರ ದೇಶದ ತುಂಬ ಹತ್ತಕ್ಕೂ ಹೆಚ್ಚು ಫುಟ್‌ಬಾಲ್ ಪಂದ್ಯ ನಡೆದರೂ ಮನೆಯ ಟಿವಿಯಲ್ಲಿ ಕಾಣುತ್ತಿದ್ದದ್ದು ಎರಡೋ ಮೂರೋ. ಉಳಿದದ್ದನ್ನು ನೋಡಬೇಕೆಂದರೆ ವಾರದ ನಡುವೆ ಬರುವ ಈ ಕಾರ್ಯಕ್ರಮಕ್ಕೆ ಕಾಯಬೇಕಿತ್ತು. ಅದರಲ್ಲಿ ಜನ ವರ್ಷಗಟ್ಟಲೆ ನೋಡಿದ್ದು ಇಬ್ಬರು ಮಾಜಿ ಆಟಗಾರರನ್ನು. ಒಬ್ಬರು ಲೆನ್ ಡಾಸನ್, ಕ್ವಾರ್ಟರ್‌ಬ್ಯಾಕ್. ಅಂದರೆ ಚೆಂಡು ಎಸೆದು ಆಟ ನಡೆಸುವವರು. ಇನ್ನೊಬ್ಬರು ನಿಕ್ ಬೊನಿಕಾಂಟಿ, ಲೈನ್‌ಬ್ಯಾಕರ್. ಅಂಥವರನ್ನು ಹಿಡಿದು ಕೆಡವುವವರು.

ಡಾಸನ್ ಶಾಂತ ಮನುಷ್ಯ. ಬೊನಿಕಾಂಟಿ ಹಾಗಲ್ಲ. ತಪ್ಪಾಡಿದವರನ್ನು ನೇರವಾಗಿ ತಪ್ಪು ಅನ್ನುತ್ತಿದ್ದರು, ಬಿಡದೆ ವಾದ ಮಾಡುತ್ತಿದ್ದರು. ಇಬ್ಬರೂ 20ಕ್ಕೂ ಹೆಚ್ಚು ವರ್ಷ ಅಕ್ಕಪಕ್ಕ ಕೂತು, 2001ರ ಸೀಸನ್ ಮುಗಿದ ಮೇಲೆ ಒಟ್ಟಿಗೇ ಹೊರಬಂದರು. ನಿವೃತ್ತ ಆಟಗಾರ ಟಿವಿಗೆ ಬರುವುದು ಈಗ ಮಾಮೂಲು. ನಾನು ಬೊನಿಕಾಂಟಿಯವರ ಬಗ್ಗೆ ಬರೆಯುತ್ತಿರುವುದು ಅದಕ್ಕಲ್ಲ. ಅವರು ಪ್ರತಿ ವಾರ ಟಿವಿಯಲ್ಲಿ ಬಿಡಿಸಿ ಹೇಳುತ್ತಿದ್ದ ಡಿಕ್ಕಿ ಇದೆಯಲ್ಲ, ಅದು ಅವರ ಮನೆಗೇ ಎರಡು ಸಲ ಬಂತು.

ಮೊದಲು ಲೈನ್‌ಬ್ಯಾಕರ್ ಕೆಲಸ ಏನು ಅಂತ ನೋಡೋಣ. ಈ ಆಟದಲ್ಲಿ ತಂಡಕ್ಕೆ 11 ಜನ. ರಕ್ಷಣೆಗೆ ನಿಂತಾಗ ಮುಂದಿನ ಸಾಲಿನಲ್ಲಿ ಭಾರಿ ಆಳುಗಳು. ಅವರ ಹಿಂದೆ ನಾಲ್ಕೈದು ಗಜ ದೂರದಲ್ಲಿ ಲೈನ್‌ಬ್ಯಾಕರ್. ಎದುರಾಳಿಯ ಭುಜ, ಪಾದ ನೋಡಿಯೇ ಚೆಂಡು ಎತ್ತ ಹೊರಟಿದೆ ಅಂತ ಅವನಿಗೆ ಹೊಳೆಯಬೇಕು. ಹೊಳೆದ ಕೂಡಲೇ ಓಡಿಹೋಗಿ ಗುದ್ದಬೇಕು. ನಡುವಿನ ಲೈನ್‌ಬ್ಯಾಕರ್ ಆದರೆ ಇಡೀ ರಕ್ಷಣಾ ಪಡೆಗೆ ಸೂಚನೆ ಕೊಡುವುದೂ ಅವನ ಪಾಲಿಗೇ. ಬೊನಿಕಾಂಟಿ ಆಡುತ್ತಿದ್ದದ್ದು ಆ ಜಾಗದಲ್ಲಿ. ಟಿವಿಯಲ್ಲಿ ಅವರ ಮಾತಿಗೆ ತೂಕ ಬಂದಿದ್ದೂ ಇದರಿಂದಲೇ ಅಂತ ನನಗನ್ನಿಸುತ್ತದೆ. ಆಟವನ್ನು ಮುಂಚೆಯೇ ಗ್ರಹಿಸುವುದು ಅವರಿಗೆ ರೂಢಿಯಾಗಿತ್ತು.

ಅವರು ಹುಟ್ಟಿದ್ದು 1940ರಲ್ಲಿ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಮನೆಯವರದು ಇಟಾಲಿಯನ್ ಬೇಕರಿ. ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ಚೆನ್ನಾಗಿಯೇ ಆಡಿದರು. ಆದರೆ ಎತ್ತರ 5 ಅಡಿ 11 ಇಂಚು, ತೂಕ ಸುಮಾರು 100 ಕಿಲೋ. ನಮಗೆ ಇದೇ ಜಾಸ್ತಿ ಅನ್ನಿಸಬಹುದು, ಆ ಆಟದಲ್ಲಿ ಇದು ಚಿಕ್ಕ ಮೈಕಟ್ಟು. 1962ರಲ್ಲಿ ಎನ್‌ಎಫ್‌ಎಲ್‌ನ ಒಂದು ತಂಡವೂ ಅವರನ್ನು ಆರಿಸಲಿಲ್ಲ. ಪೈಪೋಟಿಗೆ ಹುಟ್ಟಿಕೊಂಡಿದ್ದ ಎಎಫ್‌ಎಲ್ ಲೀಗ್‌ನ ಬೋಸ್ಟನ್ ಪೇಟ್ರಿಯಟ್ಸ್ ತಂಡ ಆಟಗಾರರ ಆಯ್ಕೆಯ 13ನೇ ಸುತ್ತಿನಲ್ಲಿ ಕರೆಯಿತು. ಅಲ್ಲಿ ಆಡುತ್ತಲೇ ಸಫಕ್ ವಿಶ್ವವಿದ್ಯಾಲಯದಲ್ಲಿ ರಾತ್ರಿ ತರಗತಿಗೆ ಹೋಗಿ 1968ರಲ್ಲಿ ಕಾನೂನು ಪದವಿ ಪಡೆದರು. ಹಗಲೆಲ್ಲ ಮೈ ಜಜ್ಜಿಸಿಕೊಂಡು ರಾತ್ರಿ ಪುಸ್ತಕ ಹಿಡಿಯುವುದು ಸುಮ್ನೆ ಮಾತಲ್ಲ.

1969ರಲ್ಲಿ ಬೋಸ್ಟನ್ ಅವರನ್ನು ಮಯಾಮಿ ಡಾಲ್ಫಿನ್ಸ್‌ಗೆ ಬಿಟ್ಟುಕೊಟ್ಟಿತು. 1972ರ ಜನವರಿಯ ಸೂಪರ್ ಬೌಲ್‌ಗೆ, ಅಂದರೆ ಸೀಸನ್‌ನ ಫೈನಲ್‌ಗೆ, ಮುಂಚೆ ಡಲ್ಲಾಸ್ ಕೋಚ್ ಟಾಮ್ ಲ್ಯಾಂಡ್ರಿ, ಮಯಾಮಿಯ ರಕ್ಷಣಾ ಆಟಗಾರರ ಹೆಸರೇ ತಮಗೆ ನೆನಪಿಗೆ ಬರುತ್ತಿಲ್ಲ ಅಂದರು. ಅಲ್ಲಿಂದ ಆ ಪಡೆಗೆ ‘ನೋ ನೇಮ್ ಡಿಫೆನ್ಸ್’ ಅಂತಲೇ ಹೆಸರು ಬಿತ್ತು. ಮಯಾಮಿ ಆ ಪಂದ್ಯ 24-3ರಿಂದ ಸೋತಿತು. ಮುಂದಿನ ಸೀಸನ್‌ನಲ್ಲಿ ಒಂದನ್ನೂ ಸೋಲಲಿಲ್ಲ. 17ಕ್ಕೆ 17. ಮೊದಲಿಂದ ಸೂಪರ್ ಬೌಲ್‌ವರೆಗೆ ಎಲ್ಲ ಪಂದ್ಯ ಗೆದ್ದ ಬೇರೆ ಎನ್‌ಎಫ್‌ಎಲ್ ತಂಡ ಇವತ್ತಿಗೂ ಇಲ್ಲ. 1973ರ ಜನವರಿ 14ರ ಆ ಸೂಪರ್ ಬೌಲ್‌ನಲ್ಲಿ ವಾಷಿಂಗ್ಟನ್‌ನ ಬಿಲ್ಲಿ ಕಿಲ್ಮರ್ ಎಸೆದ ಚೆಂಡನ್ನು ಬೊನಿಕಾಂಟಿ ನಡುವೆಯೇ ಹಿಡಿದು 32 ಗಜ ಓಡಿದರು. ಅದರ ಬೆನ್ನಿಗೇ ಮಯಾಮಿಯ ಎರಡನೇ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿ ಗಳಿಸುವ ಅಂಕ) ಬಂತು. ಕೊನೆಗೆ 14-7. ಮರುವರ್ಷವೂ ಅವರದೇ ಕಪ್.

1976ರ ಸೀಸನ್‌ಗೆ ಆಟ ನಿಲ್ಲಿಸಿದರು. ವಕೀಲಿಕೆ ಮಾಡಿದರು, ಬೇಸ್‌ಬಾಲ್ ಆಟಗಾರರಿಗೆ ಏಜೆಂಟ್ ಆದರು, ಟಿವಿಗೆ ಬಂದರು. 1980ರ ದಶಕದಲ್ಲಿ ದೊಡ್ಡ ತಂಬಾಕು ಕಂಪನಿಯೊಂದರ ಅಧ್ಯಕ್ಷರೂ ಆದರು. ಬಾಯಲ್ಲಿಟ್ಟುಕೊಳ್ಳುವ ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಅನ್ನುವುದನ್ನು ಟಿವಿ ಸಂದರ್ಶನದಲ್ಲೇ ಒಪ್ಪದೆ ವಾದಿಸಿದರು. ಅವರ ಮೇಲೆ ನನಗೆ ಎಷ್ಟೇ ಗೌರವ ಇದ್ದರೂ ಇದನ್ನು ಬಿಟ್ಟು ಬರೆಯಲಾಗದು. ಅದು ತಪ್ಪೇ.

1985ರ ಅಕ್ಟೋಬರ್ 26. ಅವರ ಮಗ ಮಾರ್ಕ್‌ಗೆ 19 ವರ್ಷ. ದಕ್ಷಿಣ ಕ್ಯಾರೊಲಿನಾದ ಸಿಟಾಡೆಲ್ ಮಿಲಿಟರಿ ಕಾಲೇಜಿನ ವಿದ್ಯಾರ್ಥಿ. ಅಪ್ಪನ ಹಾಗೆ ಲೈನ್‌ಬ್ಯಾಕರ್. ಟೆನೆಸಿಯಲ್ಲಿ ಈಸ್ಟ್ ಟೆನೆಸಿ ಸ್ಟೇಟ್ ತಂಡದ ಎದುರು ಪಂದ್ಯ. ಚೆಂಡು ಹಿಡಿದು ಬರುತ್ತಿದ್ದ ಆಟಗಾರನ ಮೇಲೆ ಮಾರ್ಕ್ ಎಗರಿದರು. ಅಂಥ ಸಾವಿರ ಡಿಕ್ಕಿಯಲ್ಲಿ ಏನೂ ಆಗುವುದಿಲ್ಲ. ಈ ಒಂದರಲ್ಲಿ ಕುತ್ತಿಗೆಯ ಮೂರನೇ ಮತ್ತು ನಾಲ್ಕನೇ ಮೂಳೆಯ ನಡುವೆ ಕೀಲು ತಪ್ಪಿ ಬೆನ್ನುಹುರಿಗೆ ಪೆಟ್ಟಾಯಿತು. ಭುಜದಿಂದ ಕೆಳಗೆ ದೇಹ ಕೈಕೊಟ್ಟಿತು.

ಆಗಿನ ವೈದ್ಯರ ಬಳಿ ಬೆನ್ನುಹುರಿ ಗಾಯಕ್ಕೆ ಹೇಳಿಕೊಳ್ಳುವಂಥ ಚಿಕಿತ್ಸೆ ಇರಲಿಲ್ಲ. ಕತ್ತರಿಸಿಹೋದದ್ದು ಮತ್ತೆ ಕೂಡುವುದಿಲ್ಲ ಅಂತಲೇ ಬಹಳ ಮಂದಿ ನಂಬಿದ್ದರು. ಬೊನಿಕಾಂಟಿ ಒಪ್ಪಲಿಲ್ಲ. ಅದೇ ವರ್ಷ ನರಶಸ್ತ್ರಚಿಕಿತ್ಸಕ ಡಾ. ಬಾರ್ತ್ ಗ್ರೀನ್ ಜೊತೆ ಸೇರಿ ಮಯಾಮಿ ವಿಶ್ವವಿದ್ಯಾಲಯದಲ್ಲಿ ‘ಮಯಾಮಿ ಪ್ರಾಜೆಕ್ಟ್ ಟು ಕ್ಯೂರ್ ಪ್ಯಾರಾಲಿಸಿಸ್’ ಸಂಸ್ಥೆ ಕಟ್ಟಿದರು. ಅಲ್ಲಿಂದ ಮುಂದೆ ಅವರ ಟಿವಿ ಮುಖ, ಸೂಪರ್ ಬೌಲ್ ಗೆದ್ದವರಿಗೆ ಕೊಡುವ ಉಂಗುರ, ಗೆಳೆಯರ ಬಳಗ ಎಲ್ಲವೂ ಹಣ ಎತ್ತುವುದಕ್ಕೇ ಮೀಸಲಾದವು. ನ್ಯೂಯಾರ್ಕ್‌ನಲ್ಲಿ ಪ್ರತಿ ವರ್ಷ ದೊಡ್ಡ ಕ್ರೀಡಾಪಟುಗಳನ್ನು ಸೇರಿಸಿ ಔತಣಕೂಟ ನಡೆಸಿದರು. ಕೋಟಿಗಟ್ಟಲೆ ಡಾಲರ್ ಸೇರಿತು.

ಅದರಿಂದ ಏನು ಬಂತು ಅಂತ ಕೇಳಬೇಕು ಅಲ್ವಾ? ಪೂರ್ತಿ ಗುಣಪಡಿಸುವ ಮದ್ದು ಬರಲಿಲ್ಲ. ಆದರೆ ದೇಹದ ಬಿಸಿ ಇಳಿಸಿ ಬೆನ್ನುಹುರಿಯ ಊತ ತಡೆಯುವ ವಿಧಾನವನ್ನು ಅಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದರು. 2007ರಲ್ಲಿ ಬಫಲೋ ಬಿಲ್ಸ್ ತಂಡದ ಕೆವಿನ್ ಎವರೆಟ್ ಮೈದಾನದಲ್ಲಿ ಬಿದ್ದರು. ಪೆಟ್ಟಾಗಿದ್ದು ಮಾರ್ಕ್‌ಗೆ ಆದ ಜಾಗದಲ್ಲೇ, ಮೂರು ಮತ್ತು ನಾಲ್ಕನೇ ಮೂಳೆಯ ನಡುವೆ. ವೈದ್ಯರು ಅವರ ದೇಹ ತಣ್ಣಗಾಗಿಸಿದರು, ಡಾ. ಗ್ರೀನ್ ಸಲಹೆಯನ್ನೂ ಪಡೆದರು. ಆ ಡಿಸೆಂಬರ್ ಹೊತ್ತಿಗೆ ಎವರೆಟ್ ನಡೆಯುತ್ತಿದ್ದರು. ತಣ್ಣಗಾಗಿಸಿದ್ದಕ್ಕೇ ಹಾಗಾಯಿತೇ ಅನ್ನುವುದರ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ.

ಆಟ ಬಿಟ್ಟು 25 ವರ್ಷ ಕಳೆದ ಮೇಲೆ, 2001ರಲ್ಲಿ, ಒಹಾಯೋದ ಕ್ಯಾಂಟನ್‌ನಲ್ಲಿರುವ, ಈ ಆಟದ ದೊಡ್ಡವರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಬೊನಿಕಾಂಟಿ ಸೇರಿದರು. ಅವರನ್ನು ಪರಿಚಯಿಸಿದ್ದು ಗಾಲಿಕುರ್ಚಿಯಲ್ಲಿ ಕೂತ ಮಾರ್ಕ್. ಮಗ ಮತ್ತೆ ನಡೆಯುವುದಾದರೆ ಈ ಉಂಗುರ, ಈ ಗೌರವ ಎಲ್ಲ ಬಿಟ್ಟುಕೊಡುತ್ತೇನೆ ಅಂತ ಅಪ್ಪ ಅಲ್ಲಿ ಹೇಳಿದರು.

ಎರಡನೇ ಪೆಟ್ಟು ತಡವಾಗಿ ಬಂತು. 2002ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಡಾ. ಬೆನೆಟ್ ಒಮಾಲು, ತೀರಿಕೊಂಡಿದ್ದ ಮಾಜಿ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮಿದುಳನ್ನು ಪರೀಕ್ಷಿಸಿದರು. ಮತ್ತೆ ಮತ್ತೆ ತಲೆಗೆ ಪೆಟ್ಟು ಬಿದ್ದವರಲ್ಲಿ ಕಾಣುವ ಸಿಟಿಇ ಅನ್ನುವ ಕಾಯಿಲೆ ಅದರಲ್ಲಿತ್ತು. ಮರೆವು, ಸಿಟ್ಟು, ಖಿನ್ನತೆ ಇದರ ಲಕ್ಷಣ. ಸತ್ತ ಮೇಲೆ ಮಿದುಳು ಕತ್ತರಿಸಿ ನೋಡಿಯೇ ಖಚಿತ ಮಾಡಬೇಕು. ಲೀಗ್ ಬಹಳ ಕಾಲ ಇದನ್ನು ತಳ್ಳಿಹಾಕುತ್ತಲೇ ಬಂತು. 2012ರಲ್ಲಿ ಇನ್ನೊಬ್ಬ ದೊಡ್ಡ ಲೈನ್‌ಬ್ಯಾಕರ್ ಜೂನಿಯರ್ ಸೇವ್ ತೀರಿಕೊಂಡರು, ಅವರ ಮಿದುಳಿನಲ್ಲೂ ಅದೇ ಸಿಕ್ಕಿತು. 2013ರಲ್ಲಿ ಸಾವಿರಾರು ಮಾಜಿ ಆಟಗಾರರ ದಾವೆ ಮುಗಿಸಲು ಲೀಗ್ 76.5 ಕೋಟಿ ಡಾಲರ್‌ಗೆ ಒಪ್ಪಿತು, ಆಮೇಲೆ ಆ ಮಿತಿಯನ್ನೂ ತೆಗೆಯಬೇಕಾಯಿತು. ಆಟಕ್ಕೂ ಕಾಯಿಲೆಗೂ ನಂಟಿದೆ ಅಂತ ಅದರ ಅಧಿಕಾರಿಯೊಬ್ಬರು ಬಾಯಿಬಿಟ್ಟು ಹೇಳಿದ್ದು 2016ರಲ್ಲಿ.

2017ರಲ್ಲಿ ಬೊನಿಕಾಂಟಿಯವರ ಸ್ಥಿತಿ ಹೊರಬಂತು. ಟೀ ಶರ್ಟ್ ಹಾಕಿಕೊಳ್ಳಲೂ ಒದ್ದಾಡುತ್ತಿದ್ದರು, ಮತ್ತೆ ಮತ್ತೆ ಬೀಳುತ್ತಿದ್ದರು. ಹುಡುಗನಾಗಿದ್ದಾಗಿನಿಂದ ತಲೆಗೆ 5 ಲಕ್ಷಕ್ಕೂ ಹೆಚ್ಚು ಪೆಟ್ಟು ಬಿದ್ದಿರಬಹುದು ಅಂತ ಅವರೇ ಲೆಕ್ಕ ಹಾಕಿದ್ದರು. ಆ ನವೆಂಬರ್‌ನಲ್ಲಿ, ಸತ್ತ ಮೇಲೆ ತಮ್ಮ ಮಿದುಳನ್ನು ಸಂಶೋಧನೆಗೆ ಕೊಡುವುದಾಗಿ ಘೋಷಿಸಿದರು. ಅದು ಸೇರಬೇಕಿದ್ದದ್ದು ಬೋಸ್ಟನ್ ವಿಶ್ವವಿದ್ಯಾಲಯಕ್ಕೆ, 1962ರಲ್ಲಿ ಅವರು ವೃತ್ತಿ ಶುರು ಮಾಡಿದ ಊರಿಗೆ. 2019ರ ಜುಲೈ 30ರಂದು, 78ನೇ ವಯಸ್ಸಿನಲ್ಲಿ ತೀರಿಕೊಂಡರು. ಮಯಾಮಿ ಪ್ರಾಜೆಕ್ಟ್ ಕೆಲಸವನ್ನು ಮಾರ್ಕ್ ಗಾಲಿಕುರ್ಚಿಯಲ್ಲೇ ಕೂತು ಮುಂದುವರಿಸಿದರು.