ಬಾಲ್ ಮಿಲ್‌ನಲ್ಲಿ ಮೆಗ್ನೀಷಿಯಂ ಹೈಡ್ರೈಡ್: ಒತ್ತಡದ ಲೆಕ್ಕ ನನ್ನನ್ನು ಎಡವಿಸಿದ್ದು ಹೀಗೆ

ಜಾಡಿಗೆ ಮೆಗ್ನೀಷಿಯಂ ಪುಡಿ, ಉಕ್ಕಿನ ಗುಂಡು, ಮೇಲೆ ಹೈಡ್ರೋಜನ್. ಮುಚ್ಚಿ ಬಾಲ್ ಮಿಲ್‌ನಲ್ಲಿ, ಅಂದರೆ ಗುಂಡುಗಳಿಂದ ಪುಡಿಯನ್ನು ಜಜ್ಜುವ ಯಂತ್ರದಲ್ಲಿ, ಗಂಟೆಗಟ್ಟಲೆ ತಿರುಗಿಸಿ. ಮೆಗ್ನೀಷಿಯಂ ಹೈಡ್ರೋಜನ್ ಹೀರಿ ಮೆಗ್ನೀಷಿಯಂ ಹೈಡ್ರೈಡ್ (MgH₂) ಆಗುತ್ತೆ. ಅಷ್ಟೇ ಕೆಲಸ.

ಬಿಸಿ ಮಾಡದೆ ಹೇಗೆ ಆಗುತ್ತೆ ಅನ್ನೋದು ನನಗೆ ಬಹಳ ದಿನ ಹೊಳೆಯಲಿಲ್ಲ. ಹೈಡ್ರೈಡ್ ಆಗುವುದಕ್ಕೆ ಮೆಗ್ನೀಷಿಯಂ ಕೋಣೆಯ ತಾಪದಲ್ಲೇ ತಯಾರು, ಕೊರತೆ ಇರುವುದು ವೇಗದ್ದು. ಕಣದ ಮೇಲಿನ ಆಕ್ಸೈಡ್ ಪದರ ಹೈಡ್ರೋಜನ್ ಅನ್ನು ತಡೆಯುತ್ತದೆ. ಅದನ್ನು ದಾಟಿದರೂ, ಹೊರಗೆ ಮೊದಲು ಆದ ಹೈಡ್ರೈಡೇ ಒಳಗಿನ ಲೋಹಕ್ಕೆ ಗೋಡೆಯಾಗಿ ನಿಲ್ಲುತ್ತದೆ. ಗುಂಡಿನ ಪ್ರತಿ ಪೆಟ್ಟಿಗೂ ಈ ಎರಡೂ ಪದರ ಒಡೆದು ಹೊಸ ಲೋಹ ಹೊರಗೆ ಕಾಣುತ್ತದೆ. ಮೆಗ್ನೀಷಿಯಂ ಮೆತ್ತಗೆ, ಶುರುವಿನಲ್ಲಿ ಚಪಾತಿ ಥರ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತೆ. ಹೈಡ್ರೈಡ್ ಜಾಸ್ತಿಯಾದಂತೆ ಪೆಡಸಾಗಿ ಪುಡಿಯಾಗುತ್ತೆ.

ಈಗ ನಾನು ಎಡವಿದ ಜಾಗ. ಎಷ್ಟು ಹೈಡ್ರೈಡ್ ಆಯಿತು ಅಂತ ಜಾಡಿ ತೆಗೆಯದೆ ತಿಳಿಯಬೇಕಾದರೆ ಒತ್ತಡ ಎಷ್ಟು ಇಳಿಯಿತು ನೋಡಬೇಕು. 2 ಗ್ರಾಂ ಮೆಗ್ನೀಷಿಯಂ ಅಂದರೆ 0.082 ಮೋಲ್, ಅದಕ್ಕೆ ಬೇಕಾದ ಹೈಡ್ರೋಜನ್ ಕೂಡ 0.082 ಮೋಲ್. ಗುಂಡು, ಪುಡಿ ಹಿಡಿದ ಜಾಗ ಕಳೆದು ಖಾಲಿ ಜಾಗ 200 ಮಿ.ಲೀ. ಇದ್ದರೆ (ಇದನ್ನು ಕಳೆಯುವುದನ್ನೇ ಒಮ್ಮೆ ಮರೆತಿದ್ದೆ), 25 ಡಿಗ್ರಿಯಲ್ಲಿ ಪೂರ್ತಿ ಹೈಡ್ರೈಡ್ ಆಗಲು ಸುಮಾರು 10.2 ಬಾರ್ ಇಳಿಯಬೇಕು.

ನಾನು 30 ಬಾರ್ ತುಂಬಿಸಿದ್ದೆ. ಮಿಲ್ ನಿಂತ ತಕ್ಷಣ ಗೇಜ್ ನೋಡಿದರೆ 23.9. ಇಳಿದದ್ದು 6.1, ಅಂದರೆ 60 ಶೇಕಡಾ ಅಷ್ಟೇನಾ ಅಂತ ಬೇಜಾರಾಯಿತು. ಆದರೆ ಜಾಡಿ ಕೈ ಇಡಲಾಗದಷ್ಟು ಬಿಸಿ, ಹತ್ತಿರ ಹತ್ತಿರ 50 ಡಿಗ್ರಿ! ಬಿಸಿ ಅನಿಲದ ಒತ್ತಡ ಜಾಸ್ತಿ ತೋರಿಸುತ್ತೆ ಅಲ್ವಾ. 23.9 ಅನ್ನು 298ರಿಂದ (25 ಡಿಗ್ರಿ, ಕೆಲ್ವಿನ್‌ನಲ್ಲಿ) ಗುಣಿಸಿ 323ರಿಂದ (50 ಡಿಗ್ರಿ) ಭಾಗಿಸಿ: 22. ಇಲ್ಲಿ ಕೆಲ್ವಿನ್ನೇ ಹಾಕಬೇಕು, ಸೆಲ್ಸಿಯಸ್ ಹಾಕಿದರೆ ಒತ್ತಡ ಅರ್ಧಕ್ಕೆ ಇಳಿದುಬಿಡುತ್ತೆ. ಈಗ ಇಳಿದದ್ದು 8 ಬಾರ್, 78 ಶೇಕಡಾ. ಆಮೇಲಿಂದ ನಾನು ಲೆಕ್ಕವನ್ನೇ ಬಿಟ್ಟು, ಜಾಡಿ ತಣ್ಣಗಾಗುವವರೆಗೆ ಕಾಯುತ್ತೇನೆ.

ಇನ್ನೊಂದು ಸಣ್ಣ ಗೊಂದಲ. ಪೂರ್ತಿ ಹೈಡ್ರೈಡ್‌ನಲ್ಲಿ ಹೈಡ್ರೋಜನ್ ತೂಕ 7.66 ಶೇಕಡಾ ಅಂತಾರೆ, ನನಗೆ ಯಾವಾಗಲೂ 8.3 ಬರುತ್ತಿತ್ತು. ಬರೀ ಮೆಗ್ನೀಷಿಯಂ ತೂಕದಿಂದ ಭಾಗಿಸುತ್ತಿದ್ದೆ, ಭಾಗಿಸಬೇಕಾದದ್ದು ಹೈಡ್ರೈಡ್‌ನ ತೂಕದಿಂದ. ಮೇಲಿನ ಲೆಕ್ಕದಲ್ಲಿ ಹೀರಿದ್ದು 0.13 ಗ್ರಾಂ ಹೈಡ್ರೋಜನ್, ಹಾಗಾಗಿ 0.13 ಭಾಗ 2.13: ಸುಮಾರು 6.1 ಶೇಕಡಾ.

ಜಾಡಿ ತೆಗೆಯುವುದು ಆರ್ಗಾನ್ ತುಂಬಿದ ಗ್ಲೌವ್ ಬಾಕ್ಸ್‌ನಲ್ಲೇ (ಗಾಳಿ ಹೋಗದ, ಕೈಗವಸು ಜೋಡಿಸಿದ ಪೆಟ್ಟಿಗೆ). ಈ ನುಣ್ಣನೆ ಪುಡಿ ಗಾಳಿಗೆ ಬಂದರೆ ಬೆಂಕಿ ಹತ್ತಿಕೊಳ್ಳಬಹುದು.