ಹೈಪರೊರಾಲಿಟಿ: ಇದು ಬಾಯಿ ಚಪಲವಲ್ಲ

ಕಾಫಿಗೆ ಅರ್ಧ ಚಮಚ ಸಕ್ಕರೆ ಸಾಕು ಎನ್ನುತ್ತಿದ್ದವರು ಅರವತ್ತರ ಹೊತ್ತಿಗೆ ಡಬ್ಬಿ ತೆರೆದು ಸಕ್ಕರೆಯನ್ನೇ ಮುಕ್ಕತೊಡಗುತ್ತಾರೆ. ಮದುವೆಯ ಪಂಕ್ತಿಯಲ್ಲಿ ಪಕ್ಕದವರ ಎಲೆಯ ಹೋಳಿಗೆಗೆ ಕೈ ಹಾಕುತ್ತಾರೆ. ಮನೆಯವರು ಮುಖ ಮುಚ್ಚಿಕೊಳ್ಳುವಂತಾಗಿ, ‘ವಯಸ್ಸಾದಂತೆ ಬಾಯಿ ಚಪಲ ಹೆಚ್ಚಿದೆ’ ಎಂದು ಸಮಜಾಯಿಷಿ ಕೊಡುತ್ತಾರೆ. ನರರೋಗ ತಜ್ಞರು ಇದನ್ನು ಕಂಡರೆ ಇನ್ನೊಂದು ಹೆಸರನ್ನು ಯೋಚಿಸುತ್ತಾರೆ: ಹೈಪರೊರಾಲಿಟಿ.

‘ಹೈಪರ್’ ಎಂದರೆ ಗ್ರೀಕ್ ಭಾಷೆಯಲ್ಲಿ ಮೀರಿದ್ದು. ‘ಓರಲ್’ ಲ್ಯಾಟಿನ್ ಮೂಲದ್ದು, ಬಾಯಿಗೆ ಸಂಬಂಧಪಟ್ಟದ್ದು. ಮಿತಿ ಮೀರಿ ಬಾಯಿಗೆ ಹಾಕಿಕೊಳ್ಳುವ ಸ್ಥಿತಿ ಎಂದು ಬಿಡಿಸಿ ಹೇಳಬಹುದು. 1930ರ ದಶಕದಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಹೈನ್ರಿಕ್ ಕ್ಲೂವರ್ ಮತ್ತು ಪಾಲ್ ಬ್ಯೂಸಿ ರೀಸಸ್ ಕೋತಿಗಳ ಮಿದುಳಿನಿಂದ ಎರಡೂ ಬದಿಯ ಟೆಂಪೊರಲ್ ಹಾಲೆಗಳನ್ನು (ಕಿವಿಯ ಬದಿಯಲ್ಲಿರುವ ಮಿದುಳಿನ ಭಾಗಗಳನ್ನು) ತೆಗೆದಾಗ, ಅವು ತಿನ್ನುವಂಥದ್ದೋ ಅಲ್ಲವೋ ನೋಡದೆ ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು ಪರೀಕ್ಷಿಸತೊಡಗಿದವು. ಬಾಯಿಯ ಈ ವರ್ತನೆಯ ಬೇರು ಮಿದುಳಿನಲ್ಲಿದೆ ಎಂಬುದು ಅಲ್ಲಿ ಎದ್ದು ಕಂಡಿತು.

ಮನುಷ್ಯರಲ್ಲಿ ಇದು ಮುಖ್ಯವಾಗಿ ಕಾಣುವುದು ಮಿದುಳಿನ ಮುಂಭಾಗ ಮತ್ತು ಪಕ್ಕದ ಹಾಲೆಗಳು ಸವೆಯುವ ಫ್ರಂಟೋಟೆಂಪೊರಲ್ ಡಿಮೆನ್ಶಿಯಾದಲ್ಲಿ, ಅದರಲ್ಲೂ ನಡವಳಿಕೆ ಬದಲಾಗುವ ಬಗೆಯಲ್ಲಿ. ಈ ಕಾಯಿಲೆ ಬಹಳ ಸಲ 45ರಿಂದ 65ರ ವಯಸ್ಸಿನಲ್ಲೇ ಶುರುವಾಗುತ್ತದೆ. 2011ರಲ್ಲಿ ತಜ್ಞರು ಒಪ್ಪಿಕೊಂಡ ಆರು ಲಕ್ಷಣಗಳಲ್ಲಿ ಊಟದ ಬದಲಾವಣೆಯೂ ಒಂದು. ಆರರಲ್ಲಿ ಮೂರು ಕಂಡರೆ ಕಾಯಿಲೆಯ ಸಾಧ್ಯತೆಯನ್ನು ಪರಿಗಣಿಸುತ್ತಾರೆ. ಡಿಮೆನ್ಶಿಯಾವನ್ನು ನಾವು ‘ಮರೆವಿನ ಕಾಯಿಲೆ’ ಎಂದು ಕರೆಯುತ್ತೇವೆ. ಆ ಹೆಸರು ಇಲ್ಲಿ ದಾರಿ ತಪ್ಪಿಸುತ್ತದೆ. ಈ ಬಗೆಯಲ್ಲಿ ಮೊದಮೊದಲು ನೆನಪು ಸಾಕಷ್ಟು ಚೆನ್ನಾಗಿಯೇ ಇರುತ್ತದೆ. ಫೋನ್ ನಂಬರು, ನೆಂಟರ ಹೆಸರು ಎಲ್ಲ ಗೊತ್ತಿರುವವರಿಗೆ ಡಿಮೆನ್ಶಿಯಾ ಇದೆಯೆಂದರೆ ಯಾರು ನಂಬುತ್ತಾರೆ? ಹಾಗಾಗಿ ಕಾಯಿಲೆಯ ಬದಲು ಮನುಷ್ಯನ ಮೇಲೆಯೇ ದೂರು ಬೀಳುತ್ತದೆ.

ಪದದ ವ್ಯಾಪ್ತಿ ದೊಡ್ಡದು. ಸಿಹಿಯ ಮೇಲೆ ತಡೆಯಲಾಗದ ಆಸೆ, ಒಂದೇ ತಿಂಡಿಯನ್ನು ದಿನವೂ ಬೇಡುವುದು, ಬಾಯಿಗೆ ತುರುಕಿಕೊಂಡು ತಿನ್ನುವುದು, ಸಿಗರೇಟು ಅಥವಾ ಕುಡಿತ ಹೆಚ್ಚುವುದು ಎಲ್ಲವೂ ಇದರೊಳಗೆ ಬರುತ್ತವೆ. ತೀವ್ರವಾದಾಗ ಸೋಪು, ಕಾಗದದಂಥವೂ ಬಾಯಿಗೆ ಹೋಗುತ್ತವೆ.

ಇದನ್ನು ಹಸಿವು ಎನ್ನೋಣವೇ? ಪೂರ್ತಿ ಅಲ್ಲ. ಹೀಗೆ ವಿಪರೀತ ತಿನ್ನುವ ಕೆಲವರನ್ನು ಸಂಶೋಧಕರು ಕೇಳಿದಾಗ, ‘ಹೊಟ್ಟೆ ತುಂಬಿದೆ’ ಎಂದೇ ಹೇಳಿದರು; ಹೇಳಿದ ಮೇಲೂ ತಿನ್ನುತ್ತಲೇ ಇದ್ದರು. ಹಸಿವನ್ನು ನಿಯಂತ್ರಿಸುವ ಹೈಪೊಥಲಾಮಸ್, ‘ಇನ್ನು ಸಾಕು’ ಎಂದು ಕೈ ತಡೆಯಲು ನೆರವಾಗುವ ಮುಂಭಾಗದ ಹಾಲೆಯ ಕೆಳಭಾಗ, ಇನ್ಸುಲಾ ಎಂಬ ಭಾಗ ಇವೆಲ್ಲ ಸವೆದಿರುತ್ತವೆ. ಚಪಲ ಎಂಬ ಮಾತಿನಲ್ಲಿ ‘ಮನಸ್ಸು ಮಾಡಿದರೆ ತಡೆದುಕೊಳ್ಳಬಹುದಿತ್ತು’ ಎಂಬ ಆರೋಪ ಅಡಗಿದೆ. ಇಲ್ಲಿ ತಡೆಯುವ ಅಂಗವೇ ಕೆಟ್ಟಿದೆ. ಕನ್ನಡದಲ್ಲಿ ಇದನ್ನು ‘ಬಾಯಿಗೀಳು’ ಎಂದರೆ ಹೇಗೆ ಎಂದು ನನಗೆ ಅನ್ನಿಸುತ್ತದೆ. ಗೀಳು ಎಂದ ಕೂಡಲೇ ಅದು ಕಾಯಿಲೆ ಎಂಬುದು ಕೇಳುವವರಿಗೆ ಹೊಳೆಯುತ್ತದೆ.

ಡಿಮೆನ್ಶಿಯಾದ ಇನ್ನೊಂದು ಬಗೆಯಾದ ಆಲ್ಜೈಮರ್ಸ್ ಕಾಯಿಲೆಯಲ್ಲಿ ಕಥೆ ಸಾಮಾನ್ಯವಾಗಿ ಬೇರೆ. ಆಗಷ್ಟೇ ಉಂಡು ಕೈತೊಳೆದ ಅಜ್ಜಿ, ಪಕ್ಕದ ಮನೆಯವರ ಮುಂದೆ ‘ಬೆಳಿಗ್ಗೆಯಿಂದ ನನಗೆ ಒಂದು ತುತ್ತೂ ಹಾಕಿಲ್ಲ’ ಎನ್ನುತ್ತಾರೆ. ಸೊಸೆಯ ಕಣ್ಣಲ್ಲಿ ನೀರು. ಅಜ್ಜಿ ಸುಳ್ಳು ಹೇಳುತ್ತಿಲ್ಲ, ಸೊಸೆಯೂ ತಪ್ಪು ಮಾಡಿಲ್ಲ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹೊಸ ನೆನಪು ಉಳಿಯದ ಇಬ್ಬರಿಗೆ ಮಧ್ಯಾಹ್ನದ ಊಟ ಮುಗಿದ ಅರ್ಧ ಗಂಟೆಯೊಳಗೆ ಮತ್ತೊಂದು ಊಟ ಬಡಿಸಿದರು. ಅವರು ಅದನ್ನೂ ಉಂಡರು, ಬಹುತೇಕ ಸಲ ಮೂರನೆಯದಕ್ಕೂ ಕೈ ಹಾಕಿದರು. ಊಟ ಆಯಿತು ಎಂದು ಹೊಟ್ಟೆಯ ಜೊತೆಗೆ ನೆನಪೂ ಹೇಳಬೇಕು. ಆಲ್ಜೈಮರ್ಸ್‌ನಲ್ಲಿ ವಾಸನೆಯ ಶಕ್ತಿ ಬೇಗನೆ ಕುಗ್ಗುವುದರಿಂದ ಒಗ್ಗರಣೆಯ ಘಮ ತಟ್ಟುವುದಿಲ್ಲ, ಸಾರು ಸಪ್ಪೆ ಎನ್ನಿಸುತ್ತದೆ. ದಿನ ಕಳೆದಂತೆ ಹಲವರು ಊಟ ಕಡಿಮೆ ಮಾಡಿ ತೂಕ ಇಳಿಯುತ್ತಾರೆ. ಈ ಕಾಯಿಲೆಗೆ ಕೊಡುವ ಡೊನೆಪೆಜಿಲ್‌ನಂಥ ಔಷಧಿಯಿಂದಲೂ ಹಸಿವು ಕುಗ್ಗಬಹುದು.

ಬಾಯಿಗೀಳು ಇರುವವರೊಡನೆ ವಾದಿಸಿ ಫಲವಿಲ್ಲ. ಡಬ್ಬಿ ಕಣ್ಣಿಗೆ ಬೀಳದಂತಿರಲಿ. ಪಾತ್ರೆಯನ್ನು ಮುಂದಿಡದೆ ಸ್ವಲ್ಪ ಸ್ವಲ್ಪವೇ ಬಡಿಸಿ. ಫಿನಾಯಿಲ್, ಮಾತ್ರೆಗಳಿಗೆ ಬೀಗ ಹಾಕಿ. ಗಬಗಬನೆ ತಿನ್ನುವವರ ಪಕ್ಕದಲ್ಲಿ ಒಬ್ಬರು ಕೂತಿರಲೇಬೇಕು. ತುತ್ತು ಗಂಟಲಿಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಸಿಹಿ ತಿಂದು ರಕ್ತದ ಸಕ್ಕರೆ ಏರಿದಾಗ ಬಹಳ ಮನೆಯವರು ಮಧುಮೇಹದ ವೈದ್ಯರ ಬಳಿಗಷ್ಟೇ ಹೋಗಿ, ನಾಚಿಕೆಯಿಂದ ಉಳಿದದ್ದನ್ನು ಮುಚ್ಚಿಡುತ್ತಾರೆ. ನರರೋಗ ತಜ್ಞರನ್ನೂ ಕಾಣಿ. ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಈ ಬದಲಾವಣೆ ಯಾವ ಹಬ್ಬದ ಹೊತ್ತಿಗೆ ಕಣ್ಣಿಗೆ ಬಿತ್ತು, ಮೊದಲು ಏನು ಇಷ್ಟವಿತ್ತು, ಈಗ ಏನು ಬೇಡುತ್ತಾರೆ, ಮಾತು ಮತ್ತು ಮಮತೆಯಲ್ಲಿ ಏನಾದರೂ ಬದಲಾಗಿದೆಯೇ.